ಎದೆನೋವು ನಿಂತ ಮೇಲಿನ ವಾರ: ಹೃದಯಾಘಾತದ ನಂತರ ಹೃದಯದ ಗೋಡೆ ಬಿರಿಯುವ ಬಗ್ಗೆ

ಕೊಡಚಾದ್ರಿ ತಪ್ಪಲು (ಹೊಸನಗರ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ಕಳೆದ ಅಡಿಕೆ ಸುಗ್ಗಿಯಲ್ಲಿ ನಮ್ಮ ಅಪ್ಪಯ್ಯನಿಗೆ ಹೃದಯಾಘಾತವಾಯಿತು. ನಾನು ಇಲ್ಲಿ ಬರೆಯಹೊರಟಿರುವುದು ಆಘಾತವಾದ ದಿನದ ಬಗ್ಗೆ ಅಲ್ಲ, ಅದರ ನಂತರದ ನಾಲ್ಕನೆಯ ದಿನದ ಬಗ್ಗೆ. ಆ ದಿನ ಏನಾಗಬಹುದೆಂದು ನಮಗೆ ಯಾರೂ ಹೇಳಿರಲಿಲ್ಲ. ಕೇಳಬೇಕೆಂಬುದು ನಮಗೂ ತಿಳಿದಿರಲಿಲ್ಲ.

ಅಪ್ಪಯ್ಯನಿಗೆ 68 ವರ್ಷ. ಅದುವರೆಗೆ ಒಂದು ದಿನವೂ ಎದೆನೋವೆಂದು ಕೂತವರಲ್ಲ. ಅಂದು ಸಂಜೆ ಅಡಿಕೆ ಬೇಯಿಸುವ ಹಂಡೆಯ ಒಲೆ ಮುಂದೆ ಇದ್ದಾಗ ಎದೆ ಉರಿ ಶುರುವಾಯಿತು. ಗ್ಯಾಸ್ಟ್ರಿಕ್ ಇರಬೇಕೆಂದು ಓಮದ ಕಷಾಯ ಕುಡಿದು ಮಲಗಿದರು. ರಾತ್ರಿ ಎರಡು ಸಲ ಮೈಯೆಲ್ಲ ಬೆವರಿ ಎದ್ದರಂತೆ. ಇಡೀ ದಿನ ಅಡಿಕೆ ಸುಲಿದು ದಣಿದಿದ್ದ ಅಮ್ಮನ ನಿದ್ದೆ ಕೆಡಿಸಬಾರದೆಂದು ಎಬ್ಬಿಸಲಿಲ್ಲ. ಮರುದಿನ ಮಧ್ಯಾಹ್ನ ನಾವು ಶಿವಮೊಗ್ಗ ತಲುಪುವಾಗ ನೋವು ಶುರುವಾಗಿ ಸುಮಾರು 20 ಗಂಟೆ ಕಳೆದಿತ್ತು. ಹೃದಯದ ಮುಂಭಾಗಕ್ಕೆ ರಕ್ತ ಒಯ್ಯುವ ದೊಡ್ಡ ನಾಳವೇ ಪೂರ್ತಿ ಕಟ್ಟಿಕೊಂಡಿತ್ತು. ನಾಳವನ್ನು ತೆರೆದಿಡುವ ಸಣ್ಣ ಜಾಲರಿ ಕೊಳವೆ, ಅಂದರೆ ಸ್ಟೆಂಟ್ ಹಾಕಿದರು, ನೋವು ನಿಂತಿತು. ಎಕೋ (ಹೃದಯದ ಸ್ಕ್ಯಾನ್) ಮಾಡಿ, ಪಂಪಿಂಗ್, ಅಂದರೆ ಪ್ರತಿ ಬಡಿತಕ್ಕೆ ಹೃದಯ ಹೊರದೂಡುವ ರಕ್ತದ ಪಾಲು, ಶೇ. 35 ಇದೆ, ನಿಧಾನವಾಗಿ ಸುಧಾರಿಸಬಹುದು ಎಂದರು. ಗಂಡಾಂತರ ಕಳೆಯಿತೆಂದು ನಾವು ಊರಿಗೆಲ್ಲ ಫೋನು ಮಾಡಿದೆವು.

ನಾಲ್ಕನೆಯ ದಿನ ಬೆಳಿಗ್ಗೆ ಗಂಜಿ ಕುಡಿದು, ತೋಟಕ್ಕೆ ಅಡಿಕೆ ಕೊಯ್ಯುವ ಕೊನೆಗೌಡ ಬಂದಿದ್ದಾನೋ ಇಲ್ಲವೋ ಎಂದು ವಿಚಾರಿಸಿದ ಅಪ್ಪಯ್ಯ ಹತ್ತು ಗಂಟೆಯ ಹೊತ್ತಿಗೆ ಮಲಗಲಾರದೆ ಎದ್ದು ಕೂತರು. ಉಸಿರು ಸಾಲುತ್ತಿರಲಿಲ್ಲ. ಕಫ ಇರಬೇಕೆಂದು ನೆಬುಲೈಸರ್ ಹಿಡಿದರು. ಕೈ ತಣ್ಣಗಾಗುತ್ತಾ ಬಂತು, ಬಿ.ಪಿ. 80ಕ್ಕೆ ಇಳಿಯಿತು. ಒಂದು ಗಂಟೆಯಾದ ಮೇಲೆ ಪಾಳಿ ಬದಲಾಗಿ ಬಂದ ಹಿರಿಯ ಸಿಸ್ಟರ್ ಒಬ್ಬರು ಅಪ್ಪಯ್ಯನ ಎದೆಯ ಮೂಳೆಯ ಎಡಬದಿಗೆ ಅಂಗೈ ಇಟ್ಟು ಹಾಗೇ ನಿಂತುಬಿಟ್ಟರು. ನನ್ನ ಕೈಯನ್ನೂ ಹಿಡಿದು ಅಲ್ಲಿ ಇಡಿಸಿದರು. ಮಡಿಲಲ್ಲಿ ಮಲಗಿದ ಬೆಕ್ಕು ಗುರುಗುಟ್ಟುವಾಗ ಅದರ ಬೆನ್ನಿನ ಮೇಲೆ ಕೈ ಇಟ್ಟರೆ ಹೇಗಿರುತ್ತದೋ ಹಾಗೆ ಎದೆ ನಡುಗುತ್ತಿತ್ತು. "ನಿನ್ನೆ ಇದು ಇರಲಿಲ್ಲ" ಎಂದಷ್ಟೇ ಹೇಳಿ ಅವರು ಎಕೋದವರನ್ನು ಕರೆಯಲು ಓಡಿದರು.

ಹೃದಯದ ಎಡ ಮತ್ತು ಬಲ ಕೋಣೆಗಳ ನಡುವಿನ ಗೋಡೆಯ ತುದಿಯಲ್ಲಿ 14 ಮಿಲಿಮೀಟರಿನ ತೂತು ಬಿದ್ದಿತ್ತು. ಮುಂದಿನದನ್ನು ಆಮೇಲೆ ಬರೆಯುತ್ತೇನೆ. ಅಪ್ಪಯ್ಯ ಬದುಕಿದ್ದಾರೆ, ಈಗ ಎಂಟು ತಿಂಗಳಾಯಿತು. ಇಲ್ಲಿರುವ ವೈದ್ಯರು ಇದು ಏಕೆ ಆಗುತ್ತದೆಂದು ನಮ್ಮಂಥವರಿಗೆ ತಿಳಿಯುವ ಹಾಗೆ ಹೇಳಬೇಕೆಂದು ಕೋರುತ್ತೇನೆ.

ನಿವೃತ್ತ ಫಿಸಿಷಿಯನ್, ಶಿವಮೊಗ್ಗ

ನಿಮ್ಮ ತಂದೆಯವರು ಉಳಿದದ್ದು ಓದಿ ಮನಸ್ಸಿಗೆ ಬಹಳ ಸಮಾಧಾನವಾಯಿತು. ಆ ಸಿಸ್ಟರ್ ಮಾಡಿದ ಕೆಲಸವನ್ನು ನಾನು ಎಷ್ಟೋ ಕಿರಿಯ ವೈದ್ಯರಿಗೆ ಹೇಳಿಕೊಟ್ಟಿದ್ದೇನೆ: ಹೃದಯಾಘಾತದ ರೋಗಿಯ ಎದೆಯ ಮೇಲೆ ದಿನಕ್ಕೆರಡು ಸಲ ಕೈಯಿಡಬೇಕು, ಸ್ಟೆತಾಸ್ಕೋಪು ಇಡಬೇಕು. ಬಡಿತದ ಜೊತೆ ರಕ್ತ ನುಗ್ಗುವ ಸುಯ್ಯೆಂಬ ಶಬ್ದ (ಮರ್ಮರ) ಹೊಸದಾಗಿ ಕೇಳಿಸಿತೆಂದರೆ ಅದು ಆ ಕ್ಷಣವೇ ಎಕೋ ಮಾಡಿಸಬೇಕೆಂಬ ಸೂಚನೆ.

ಇದನ್ನು ನಮ್ಮ ಕಡೆಯ ಧರೆ ಕುಸಿತದಂತೆ ತಿಳಿಯಿರಿ. ಮಳೆ ಜಡಿಯುತ್ತಿರುವಾಗ ಎಷ್ಟೋ ಧರೆಗಳು ನಿಂತಿರುತ್ತವೆ. ಮಳೆ ಹೊಳವಾಗಿ, ಬಿಸಿಲು ಬಂದು, ಇನ್ನು ಹೆದರಿಕೆಯಿಲ್ಲ ಎಂದುಕೊಂಡ ಎರಡು ದಿನದ ಮೇಲೆ ಒಳಗೇ ನೆನೆದಿದ್ದ ಮಣ್ಣು ಜಾರುತ್ತದೆ. ಹೃದಯದಲ್ಲೂ ಅದೇ ಕ್ರಮ. ರಕ್ತ ನಿಂತ ಭಾಗದ ಸ್ನಾಯು ಕೆಲವು ಗಂಟೆಗಳಲ್ಲಿ ಸಾಯುತ್ತದೆ, ಆದರೆ ಸತ್ತ ಕೂಡಲೇ ಅದು ಮೆದುವಾಗುವುದಿಲ್ಲ. ಮೊದಲ ಎರಡು ಮೂರು ದಿನ ಬಿಳಿ ರಕ್ತಕಣಗಳು ಅಲ್ಲಿಗೆ ನುಗ್ಗುತ್ತವೆ. ಮೂರನೆಯ ದಿನದಿಂದ ಏಳನೆಯ ದಿನದವರೆಗೆ ಅವು ಸತ್ತ ಮಾಂಸವನ್ನು ಅರಗಿಸಿ ಸಾಗಿಸುತ್ತವೆ. ಗಟ್ಟಿ ಕಲೆಯಾಗಿ ಕೂಡಿಕೊಳ್ಳುವ ನಾರು ಆ ಹೊತ್ತಿಗಿನ್ನೂ ಹುಟ್ಟಿರುವುದಿಲ್ಲ. ಹಳೆಯದು ಹೋಗಿ ಹೊಸದು ಬಾರದ ಆ ನಾಲ್ಕೈದು ದಿನಗಳಲ್ಲಿ ಹೃದಯದ ಆ ಭಾಗ ಅತ್ಯಂತ ದುರ್ಬಲವಾಗಿರುತ್ತದೆ, ಮತ್ತು ಅದರ ಪಕ್ಕದಲ್ಲಿರುವ ಆರೋಗ್ಯವಂತ ಸ್ನಾಯು ನಿಮಿಷಕ್ಕೆ ಎಪ್ಪತ್ತು ಎಂಬತ್ತು ಸಲ ಅದನ್ನು ಎಳೆಯುತ್ತಲೇ ಇರುತ್ತದೆ. ಮೊದಲ 24 ಗಂಟೆಗಳಲ್ಲೂ ಬಿರುಕು ಬೀಳುವುದುಂಟು, ಅದರಲ್ಲೂ ನಾಳ ಕಟ್ಟಿದ ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಪಡೆದವರಲ್ಲಿ.

ಬಿರುಕು ಎಲ್ಲಿ ಬೀಳುತ್ತದೆ ಎಂಬುದರ ಮೇಲೆ ರೋಗಿಯ ಗತಿ ನಿಂತಿದೆ. ನಡುಗೋಡೆ ಬಿರಿದರೆ ಎಡಗಡೆಯ ಹೆಚ್ಚು ಒತ್ತಡದ ರಕ್ತ ಬಲಗಡೆಗೆ ನುಗ್ಗಿ, ಮೈಗೆ ಹೋಗಬೇಕಾದದ್ದು ಮತ್ತೆ ಶ್ವಾಸಕೋಶಕ್ಕೇ ಹೋಗುತ್ತದೆ. ನಿಮ್ಮ ತಂದೆಯವರಿಗೆ ಆದದ್ದು ಇದು. ಎಡಗಡೆಯ ಮೇಲಿನ ಮತ್ತು ಕೆಳಗಿನ ಕೋಣೆಗಳ ನಡುವಿನ ಮೈಟ್ರಲ್ ಕವಾಟವನ್ನು ಹಿಡಿದಿರುವ ಪ್ಯಾಪಿಲರಿ ಸ್ನಾಯು ತುಂಡಾದರೆ ಕವಾಟ ಮಗುಚಿಕೊಂಡು ರಕ್ತ ಹಿಂದಕ್ಕೆ ಚಿಮ್ಮುತ್ತದೆ. ಹೊರಗೋಡೆಯೇ ಬಿರಿದರೆ ರಕ್ತ ಹೃದಯದ ಸುತ್ತಲಿನ ಚೀಲದಲ್ಲಿ ತುಂಬಿ ಹೃದಯವನ್ನು ಹೊರಗಿನಿಂದ ಹಿಸುಕಿಬಿಡುತ್ತದೆ. ಎಲ್ಲೋ ಕೆಲವರಲ್ಲಿ ಹೊರಗೋಡೆಯ ಬಿರುಕಿಗೆ ಸುತ್ತಲಿನ ಪೊರೆಯೇ ಅಂಟಿಕೊಂಡು ಸುಳ್ಳು ಗೋಡೆಯ ಗುಳ್ಳೆಯಾಗಿ ನಿಲ್ಲುತ್ತದೆ. ಅದನ್ನೂ ಹಾಗೇ ಬಿಡುವಂತಿಲ್ಲ, ಯಾವಾಗ ಬೇಕಾದರೂ ಒಡೆಯಬಹುದು.

ಇವರಿಗೆ ಮೊದಲು ಎದೆನೋವೇ ಬಂದಿರಲಿಲ್ಲ ಎಂದಿದ್ದೀರಿ. ಅದು ಅದೃಷ್ಟದಂತೆ ಕಂಡರೂ ಇಲ್ಲಿ ಮುಳುವಾಗುತ್ತದೆ. ವರ್ಷಗಟ್ಟಲೆ ನಾಳ ಸ್ವಲ್ಪ ಸ್ವಲ್ಪವೇ ಕಟ್ಟಿಕೊಂಡವರಲ್ಲಿ ಅಕ್ಕಪಕ್ಕದಿಂದ ಸಣ್ಣ ಕವಲು ನಾಳಗಳು ಬೆಳೆದಿರುತ್ತವೆ. ಮೊದಲ ಸಲವೇ ಪೂರ್ತಿ ಕಟ್ಟಿಕೊಂಡವರಿಗೆ ಆ ಆಸರೆ ಇರುವುದಿಲ್ಲ, ಗೋಡೆ ಪೂರ್ತಿ ದಪ್ಪಕ್ಕೆ ಸಾಯುತ್ತದೆ. ವಯಸ್ಸಾದವರು, ಹೆಂಗಸರು, ಬಿ.ಪಿ. ಹೆಚ್ಚಿರುವವರು, ತಡವಾಗಿ ಆಸ್ಪತ್ರೆಗೆ ಬಂದವರು ಇದಕ್ಕೆ ಹೆಚ್ಚಾಗಿ ಗುರಿಯಾಗುತ್ತಾರೆ.

ಹಿನ್ನೀರಿನ ಮಗಳು (ತುಮರಿ ಕಡೆ)

ಡಾಕ್ಟರೇ, ನೀವು ಹೇಳಿದ ಮೂರನೆಯದು ನನ್ನ ಅಮ್ಮನಿಗೆ ಆದದ್ದಿರಬೇಕು. ಆರು ವರ್ಷದಿಂದ ಈ ಪ್ರಶ್ನೆಯನ್ನು ಹೊತ್ತುಕೊಂಡಿದ್ದೇನೆ.

ಆಗ ನಮ್ಮ ಶರಾವತಿ ಹಿನ್ನೀರಿಗೆ ಸೇತುವೆ ಇರಲಿಲ್ಲ, ಲಾಂಚಿನಲ್ಲೇ ದಾಟಬೇಕಿತ್ತು. ಸಂಜೆಯ ಕೊನೆಯ ಲಾಂಚ್ ಹೋದ ಮೇಲೆ ಅಮ್ಮನಿಗೆ ನೋವು ಬಂತು. ಸುತ್ತು ದಾರಿಯಲ್ಲಿ ಹೋಗಲು ವಾಹನ ಸಿಗದೆ ಬೆಳಗಿನ ಮೊದಲ ಲಾಂಚಿಗೆ ಕಾದೆವು. ಸಾಗರಕ್ಕೆ ಹೋಗಿ ಅಲ್ಲಿಂದ ಮುಂದೆ ಕಳಿಸುವಷ್ಟರಲ್ಲಿ ಅರ್ಧ ದಿನ ಕಳೆದಿತ್ತು. ಮೂರನೆಯ ದಿನ ಅಮ್ಮ ಎದ್ದು ಕೂತು ಕಾಫಿ ಕೇಳಿದಳು. ನಾನು ಫ್ಲಾಸ್ಕಿನ ಮುಚ್ಚಳ ತೆಗೆಯುತ್ತಿದ್ದೆ. "ಒಳಗೇನೋ ಹರಿದ ಹಾಗಾಯ್ತು ಮಗಾ" ಎಂದಳು. ಕುತ್ತಿಗೆಯ ನರಗಳು ಉಬ್ಬಿ ನಿಂತವು, ಮುಖ ಕಪ್ಪಿಟ್ಟಿತು. ಆದರೆ ಮೇಲಿನ ಮಾನಿಟರಿನಲ್ಲಿ ಗೆರೆ ಮೊದಲಿನಂತೆಯೇ ಓಡುತ್ತಿತ್ತು. ವೈದ್ಯರು ಎದೆ ಒತ್ತಲು ತೊಡಗಿದಾಗ, ಹೃದಯ ಬಡಿಯುತ್ತಿದೆಯಲ್ಲ, ಯಾಕೆ ಒತ್ತುತ್ತೀರಿ ಎಂದು ನಾನು ಕೂಗಿಕೊಂಡೆ. ಆ ಗೆರೆ ಓಡುತ್ತಿದ್ದದ್ದು ಹೇಗೆ?

ನಿವೃತ್ತ ಫಿಸಿಷಿಯನ್, ಶಿವಮೊಗ್ಗ

ತಾಯಿ, ಮಾನಿಟರಿನ ಗೆರೆ ಹೃದಯದ ವಿದ್ಯುತ್ತನ್ನು ತೋರಿಸುತ್ತದೆ, ರಕ್ತ ಹೊರಟಿತೋ ಇಲ್ಲವೋ ಎಂಬುದನ್ನಲ್ಲ. ಹೊರಗೋಡೆ ಒಮ್ಮೆಲೇ ಬಿರಿದಾಗ ಸುತ್ತಲಿನ ಚೀಲ ಹಿಗ್ಗಲು ಸಮಯವಿಲ್ಲದೆ ರಕ್ತದಿಂದ ಬಿಗಿದುಕೊಳ್ಳುತ್ತದೆ, ಹೃದಯದ ಕೋಣೆಗಳಿಗೆ ತುಂಬಿಕೊಳ್ಳಲು ಜಾಗವೇ ಉಳಿಯುವುದಿಲ್ಲ. ವಿದ್ಯುತ್ತು ಕೆಲವು ನಿಮಿಷ ಓಡುತ್ತಿರುತ್ತದೆ, ನಾಡಿ ಮಾತ್ರ ಇರುವುದಿಲ್ಲ. ಹಾಗೆ ಒಮ್ಮೆಲೇ ಆದಾಗ ಶಸ್ತ್ರಚಿಕಿತ್ಸೆಯ ಕೋಣೆ ಪಕ್ಕದಲ್ಲೇ ಇದ್ದರೂ ಉಳಿಸುವುದು ಬಹಳ ಅಪರೂಪ. ನೀವು ಕಾಫಿ ಕೊಡಲು ಹೋದದ್ದರಿಂದಾಗಲಿ, ಅವರು ಎದ್ದು ಕೂತದ್ದರಿಂದಾಗಲಿ ಇದು ಆಗಲಿಲ್ಲ ಎಂಬುದನ್ನು ದಯವಿಟ್ಟು ನಂಬಿ.

ಕೆಲವರಲ್ಲಿ ರಕ್ತ ಸಣ್ಣಗೆ ಒಸರುತ್ತದೆ. ಆಗ ವಾಂತಿ, ಚಡಪಡಿಕೆ, ಮತ್ತೆ ಮತ್ತೆ ಇಳಿಯುವ ಬಿ.ಪಿ., ಉಬ್ಬಿದ ಕುತ್ತಿಗೆಯ ನರ ಇವು ಕೆಲವು ಗಂಟೆ ಮೊದಲೇ ಕಾಣಿಸಿಕೊಳ್ಳುತ್ತವೆ. ಅಂಥವರಲ್ಲಿ ಎಕೋ ಮಾಡಿದರೆ ಹೃದಯದ ಸುತ್ತ ರಕ್ತ ಕಾಣುತ್ತದೆ, ತೆರೆದು ಮುಚ್ಚಲು ಅವಕಾಶವಿರುತ್ತದೆ.

ಕಾಫಿಗಿಡ (ಕೊಪ್ಪ)

ನಮ್ಮ ಮಾವನವರಿಗೆ 71 ವರ್ಷ, ಮೊನ್ನೆ ಹೃದಯಾಘಾತವಾಗಿ ಶಿವಮೊಗ್ಗದಲ್ಲಿ ಸ್ಟೆಂಟ್ ಹಾಕಿದ್ದಾರೆ. ಇಂದು ಮೂರನೆಯ ದಿನ. ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಕೂತು ಇದನ್ನು ಓದಿ ಕೈಕಾಲು ತಣ್ಣಗಾಯಿತು. ಎರಡು ಪ್ರಶ್ನೆಗಳಿವೆ. ನಾಳ ತೆರೆದ ಮೇಲೂ ಗೋಡೆ ಏಕೆ ಬಿರಿಯಬೇಕು? ಇದು ಎಷ್ಟು ಜನರಿಗೆ ಆಗುತ್ತದೆ? ಇನ್ನೊಂದು ವಿಷಯ: ಅವರು ಮಂಡಿನೋವಿಗೆ ಮನೆಯಿಂದ ತಂದ ಡೈಕ್ಲೋಫೆನಾಕ್ ಮಾತ್ರೆಯನ್ನು ನಿನ್ನೆ ನಮಗೂ ಹೇಳದೆ ನುಂಗಿದ್ದಾರೆ.

ನಿವೃತ್ತ ಫಿಸಿಷಿಯನ್, ಶಿವಮೊಗ್ಗ

ಮೊದಲು ಆ ಮಾತ್ರೆಯ ಚೀಟಿಯನ್ನು ವಾರ್ಡಿನ ವೈದ್ಯರಿಗೆ ಈಗಲೇ ತೋರಿಸಿ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಜಾತಿಯ ನೋವಿನ ಮಾತ್ರೆಗಳು ಹೃದಯಾಘಾತದ ನಂತರ ಸಲ್ಲವು. ಗಾಯ ಮಾಯುವ ಕೆಲಸಕ್ಕೆ ಅವು ಅಡ್ಡಬರುತ್ತವೆ, ಬೇರೆ ಅಪಾಯಗಳೂ ಇವೆ. ಮಂಡಿನೋವಿಗೆ ಪ್ಯಾರಸಿಟಮಾಲ್ ಕೊಡಬಹುದೇ ಎಂದು ಅವರನ್ನೇ ಕೇಳಿ.

ನಾಳ ತೆರೆಯುವುದರಿಂದ ಸಾಯುತ್ತಿರುವ ಸ್ನಾಯು ಉಳಿಯುತ್ತದೆ, ಸತ್ತದ್ದು ಮರಳುವುದಿಲ್ಲ. ಮೊದಲ ಎರಡು ಮೂರು ಗಂಟೆಗಳಲ್ಲಿ ತೆರೆದರೆ ಗೋಡೆಯ ಹೊರಪದರವಾದರೂ ಬದುಕಿರುತ್ತದೆ, ಆ ಬದುಕಿದ ಪದರವೇ ಗೋಡೆಯನ್ನು ಹಿಡಿದಿಡುತ್ತದೆ. ನಾಳ ತೆರೆಯುವ ಚಿಕಿತ್ಸೆ ಬರುವ ಮೊದಲು ನೂರು ಹೃದಯಾಘಾತಗಳಲ್ಲಿ ಒಂದೆರಡರಲ್ಲಿ ನಡುಗೋಡೆ ಬಿರಿಯುತ್ತಿತ್ತು. 1990ರ ದಶಕದ ಆರಂಭದಲ್ಲಿ ಹೆಪ್ಪು ಕರಗಿಸುವ ಔಷಧ ಪಡೆದ 41,021 ರೋಗಿಗಳ ಗಸ್ಟೋ ಅಧ್ಯಯನದಲ್ಲಿ ಅದು ಶೇ. 0.2ಕ್ಕೆ ಇಳಿದಿತ್ತು. ಅಂದರೆ ಸಾವಿರದಲ್ಲಿ ಇಬ್ಬರು. ನಿಮ್ಮ ಮಾವನವರಿಗೆ ಇದು ಆಗದಿರುವ ಸಾಧ್ಯತೆಯೇ ಬಹಳ ಹೆಚ್ಚು; ನೀವು ಧೈರ್ಯವಾಗಿರಿ. ಆದರೆ ಅದೇ ಅಧ್ಯಯನದಲ್ಲಿ, ಗೋಡೆ ಬಿರಿದವರ ಪೈಕಿ ಔಷಧವನ್ನಷ್ಟೇ ಪಡೆದವರಲ್ಲಿ ಶೇ. 94ರಷ್ಟು ಜನ ಒಂದು ತಿಂಗಳೊಳಗೆ ತೀರಿಕೊಂಡರು, ಶಸ್ತ್ರಚಿಕಿತ್ಸೆಯಾದವರಲ್ಲಿ ಶೇ. 47ರಷ್ಟು. ಇಷ್ಟು ಅಪರೂಪದ ತೊಂದರೆಗೆ ನಾವು ಇಷ್ಟು ಎಚ್ಚರ ವಹಿಸುವುದು ಈ ಕಾರಣಕ್ಕೆ.

ಸಿಸಿಯು ಸಿಸ್ಟರ್

ಹದಿನೇಳು ವರ್ಷದಿಂದ ಹೃದಯದ ತುರ್ತು ವಾರ್ಡಿನಲ್ಲಿ ಕೆಲಸ ಮಾಡುತ್ತಿದ್ದೇನೆ. ಕೊಪ್ಪದವರೇ, ನೀವು ಹೆದರಿ ಕೂರುವ ಬದಲು ನೋಡಬೇಕಾದದ್ದನ್ನು ಹೇಳುತ್ತೇನೆ. ನಿನ್ನೆ ಒಂದು ದಿಂಬಿನ ಮೇಲೆ ಮಲಗುತ್ತಿದ್ದವರು ಇಂದು ಮಲಗಲಾಗದೆ ಕೂರುತ್ತಾರೆಯೇ? ಪಾದ, ಮೂಗಿನ ತುದಿ ತಣ್ಣಗಿದೆಯೇ? ಮೂತ್ರದ ಚೀಲ ಬೆಳಗಿನಿಂದ ತುಂಬಿದೆಯೇ? ಮಾತಾಡುತ್ತಿದ್ದವರು ಮಂಕಾದರೇ? ಇವುಗಳಲ್ಲಿ ಒಂದು ಹೊಸದಾಗಿ ಕಂಡರೂ "ಸಿಸ್ಟರ್, ಇದು ಹೊಸದು" ಎಂದು ಹೇಳಿ. ಕಫ, ಗ್ಯಾಸು, ಹೆದರಿಕೆ ಎಂದು ಯಾರಾದರೂ ಸಮಾಧಾನ ಹೇಳಿದರೆ, ಎದೆಯ ಶಬ್ದ ಕೇಳಿ ನೋಡಿ, ಎಕೋ ಮಾಡಿಸಿ ಎಂದು ವಿನಯದಿಂದಲೇ ಪಟ್ಟು ಹಿಡಿಯಿರಿ.

ಡಾಕ್ಟರು ಪ್ಯಾಪಿಲರಿ ಸ್ನಾಯುವಿನ ಬಗ್ಗೆ ಒಂದೇ ಮಾತಿನಲ್ಲಿ ಮುಗಿಸಿದ್ದಾರೆ, ನಾನು ಸ್ವಲ್ಪ ಸೇರಿಸುತ್ತೇನೆ. ಅದು ಹೆಚ್ಚಾಗಿ ಹೃದಯದ ಕೆಳಭಾಗದ ಆಘಾತದಲ್ಲಿ ಆಗುತ್ತದೆ. ಅಲ್ಲಿರುವ ಎರಡು ಸ್ನಾಯುಗಳಲ್ಲಿ ಮುಂದಿನದಕ್ಕೆ ಎರಡು ನಾಳಗಳಿಂದ ರಕ್ತ ಬರುತ್ತದೆ, ಹಿಂದಿನದಕ್ಕೆ ಒಂದೇ ನಾಳ. ಆ ಒಂದು ಕಟ್ಟಿಕೊಂಡರೆ ಅದು ಹೋಯಿತು. ಇಂಥವರಿಗೆ ಆಘಾತ ಚಿಕ್ಕದಾಗಿರಬಹುದು, ಪಂಪಿಂಗ್ ಚೆನ್ನಾಗಿಯೇ ಇರಬಹುದು. ನಾನು ನೋಡಿದ ಒಬ್ಬರು ಐದನೆಯ ದಿನ ಮನೆಗೆ ಹೊರಡಲು ಅಂಗಿ ತೊಟ್ಟು ಕೂತಿದ್ದರು. ಹತ್ತು ನಿಮಿಷದಲ್ಲಿ ಬಾಯಿಂದ ಗುಲಾಬಿ ಬಣ್ಣದ ನೊರೆ ಬರತೊಡಗಿತು. ಎದೆಗೆ ಸ್ಟೆತಾಸ್ಕೋಪು ಇಟ್ಟರೆ ಜೋರು ಶಬ್ದವೂ ಇರಲಿಲ್ಲ. ಕವಾಟ ಅಷ್ಟು ದೊಡ್ಡದಾಗಿ ತೆರೆದುಕೊಂಡರೆ ಎರಡೂ ಕಡೆಯ ಒತ್ತಡ ಒಂದೇ ಆಗಿ ಶಬ್ದ ಅಡಗುತ್ತದೆ. ಮರ್ಮರ ಇಲ್ಲವೆಂದರೆ ತೊಂದರೆ ಇಲ್ಲವೆಂದು ತಿಳಿಯಬಾರದೆಂಬುದನ್ನು ಆ ದಿನ ಕಲಿತೆ. ಇದರಲ್ಲಿ ಕಾಯುವ ಮಾತಿಲ್ಲ, ಬೇಗ ಕವಾಟ ಬದಲಿಸಬೇಕು. ಅವರಿಗೆ ಅದೇ ರಾತ್ರಿ ಕವಾಟ ಹಾಕಿದರು, ನಡೆದುಕೊಂಡು ಮನೆಗೆ ಹೋದರು.

ತುಂಗಾತೀರ (ತೀರ್ಥಹಳ್ಳಿ)

ಕಾಯುವ ಮಾತು ಬಂದದ್ದರಿಂದ ಕೇಳುತ್ತೇನೆ. ನಮ್ಮ ದೊಡ್ಡಪ್ಪನವರಿಗೆ ಇದೇ ನಡುಗೋಡೆಯ ತೂತು ಬಿದ್ದಾಗ ಆಪರೇಷನ್ ಇಂದು, ನಾಳೆ ಎನ್ನುತ್ತಾ ಒಂದು ವಾರ ಐಸಿಯುನಲ್ಲಿ ಇಟ್ಟರು, ಬಿಲ್ಲು ಬೆಳೆಯಿತು, ಅವರು ಉಳಿಯಲಿಲ್ಲ. ತೂತು ಬಿದ್ದಿದೆ ಎಂದು ಗೊತ್ತಿದ್ದೂ ಮುಚ್ಚದೆ ಕೂರುವುದು ದುಡ್ಡಿಗಾಗಿ ಅಲ್ಲದೆ ಮತ್ತೇಕೆ?

ಕೊಡಚಾದ್ರಿ ತಪ್ಪಲು

ತೀರ್ಥಹಳ್ಳಿಯವರೇ, ನನಗೂ ಅದೇ ಸಂಶಯ ಬಂದಿತ್ತು. ಅಪ್ಪಯ್ಯನಿಗೆ ತೊಡೆಯ ನಾಳದಿಂದ ಬಲೂನ್ ಪಂಪ್ ಹಾಕಿ, ಆಂಬ್ಯುಲೆನ್ಸಿನಲ್ಲಿ ಬೆಂಗಳೂರಿಗೆ ಒಯ್ದೆವು. ಅಲ್ಲಿ ಒಂಬತ್ತು ದಿನ ಕಾಯಿಸಿದರು. ಮೂರನೆಯ ದಿನ ನಾನು ಸರ್ಜನ್ನರ ಮುಂದೆ ನಿಂತು ನಿಮ್ಮ ಮಾತನ್ನೇ ಕೇಳಿದೆ. ಅವರು ಬೇಸರಿಸಲಿಲ್ಲ. ಈಗ ಹೊಲಿದರೆ ಒದ್ದೆ ಹಪ್ಪಳಕ್ಕೆ ಹೊಲಿಗೆ ಹಾಕಿದಂತಾಗುತ್ತದೆ, ದಾರ ಮಾಂಸವನ್ನು ಕೊಯ್ದುಕೊಂಡು ಹೊರಬರುತ್ತದೆ, ಅಂಚು ಸ್ವಲ್ಪ ಗಟ್ಟಿಯಾಗಲಿ ಎಂದರು. ಬಲೂನು ಏನು ಮಾಡುತ್ತದೆಂದೂ ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು: ಹೃದಯ ಹಿಗ್ಗಿದಾಗ ಬಲೂನು ಉಬ್ಬುತ್ತದೆ, ಹೃದಯ ಒತ್ತುವ ಕ್ಷಣಕ್ಕೆ ಕುಗ್ಗಿ ಮಹಾಧಮನಿಯಲ್ಲಿ ದಾರಿ ಬಿಡುತ್ತದೆ, ಮುಂದಿನ ದಾರಿ ಸಲೀಸಾದಷ್ಟೂ ತೂತಿನ ಕಡೆ ನುಗ್ಗುವ ರಕ್ತ ಕಡಿಮೆಯಾಗುತ್ತದೆ. ಬಿ.ಪಿ. ಏರಿಸುವ ಔಷಧವನ್ನು ಹೆಚ್ಚು ಕೊಟ್ಟರೆ ಇದರ ವಿರುದ್ಧವಾಗಿ ತೂತಿನಿಂದ ಹರಿಯುವುದೇ ಹೆಚ್ಚುತ್ತದಂತೆ.

ಆ ಒಂಬತ್ತು ದಿನ ಅಮ್ಮ ಆಸ್ಪತ್ರೆಯ ಪಡಸಾಲೆಯಲ್ಲಿ ಚಾಪೆ ಹಾಕಿಕೊಂಡಿದ್ದಳು. ಮೂತ್ರ ಎಷ್ಟಾಯಿತು, ಕಿಡ್ನಿಯ ಕೆಲಸ ತೋರಿಸುವ ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಎಷ್ಟಿದೆ ಎಂಬೆರಡನ್ನು ಬೆಳಿಗ್ಗೆ ಸಂಜೆ ಕೇಳಿ ಕ್ಯಾಲೆಂಡರಿನ ಹಾಳೆಯ ಹಿಂದೆ ಬರೆದಿಡುತ್ತಿದ್ದೆ. ಕಿಡ್ನಿ ಸೋಲಲು ಶುರುವಾದರೆ ಕಾಯುವುದಿಲ್ಲ, ಅಂದೇ ತೆರೆಯುತ್ತೇವೆ ಎಂದು ಮೊದಲೇ ಹೇಳಿದ್ದರು.

ನಿವೃತ್ತ ಫಿಸಿಷಿಯನ್, ಶಿವಮೊಗ್ಗ

ಅಮೆರಿಕದ ಹೃದಯ ಶಸ್ತ್ರಚಿಕಿತ್ಸಕರ ಸಂಘದ ದಾಖಲೆಗಳಲ್ಲಿ 1999ರಿಂದ 2010ರವರೆಗೆ ಈ ತೂತನ್ನು ಮುಚ್ಚಿಸಿಕೊಂಡ 2,876 ರೋಗಿಗಳ ಲೆಕ್ಕವಿದೆ. ಆಘಾತವಾದ ಏಳು ದಿನದೊಳಗೆ ಶಸ್ತ್ರಚಿಕಿತ್ಸೆಯಾದವರಲ್ಲಿ ಶೇ. 54.1ರಷ್ಟು ಜನ ತೀರಿಕೊಂಡರು, ಏಳು ದಿನದ ನಂತರ ಆದವರಲ್ಲಿ ಶೇ. 18.4ರಷ್ಟು. ಇದನ್ನು ನೋಡಿ ಕಾಯುವುದೇ ಒಳ್ಳೆಯದೆಂದು ಕಣ್ಣುಮುಚ್ಚಿ ಹೇಳುವಂತಿಲ್ಲ. ಏಳು ದಿನ ಬದುಕಿ ಉಳಿದವರು ಮೊದಲೇ ಸ್ವಲ್ಪ ಗಟ್ಟಿಯವರು. ಕಾಯುತ್ತಾ ತೀರಿಕೊಂಡವರು ಆ ಎರಡನೆಯ ಲೆಕ್ಕದಲ್ಲಿ ಸೇರುವುದೇ ಇಲ್ಲ. ಹಾಗಾಗಿ ಬಿ.ಪಿ. ನಿಂತಿದ್ದು ಮೂತ್ರ ಬರುತ್ತಿದ್ದರೆ ಕಾಯುತ್ತಾರೆ, ಕುಸಿಯುತ್ತಿದ್ದರೆ ಅಪಾಯವನ್ನು ಒಪ್ಪಿಕೊಂಡೇ ತೆರೆಯುತ್ತಾರೆ. ತೀರ್ಥಹಳ್ಳಿಯವರ ದೊಡ್ಡಪ್ಪನವರ ವಿಷಯದಲ್ಲಿ ಏನು ನಡೆಯಿತೆಂದು ಕಾಗದಪತ್ರ ನೋಡದೆ ನಾನು ಹೇಳಲಾರೆ. ಆದರೆ ಏಕೆ ಕಾಯುತ್ತಿದ್ದೇವೆ, ಯಾವುದು ಕಂಡರೆ ಕಾಯುವುದನ್ನು ನಿಲ್ಲಿಸುತ್ತೇವೆ ಎಂಬೆರಡನ್ನು ನಿಮಗೆ ದಿನವೂ ಹೇಳಬೇಕಾಗಿತ್ತು. ಹೇಳಿರದಿದ್ದರೆ ಅದು ತಪ್ಪೇ.

ಈ ತೂತನ್ನು 1956ರಲ್ಲಿ ಮೊದಲು ಹೊಲಿದವರು ಅಮೆರಿಕದ ಡೆಂಟನ್ ಕೂಲಿ. ಮುಂದೆ ಟೊರಾಂಟೊದ ಟೈರೋನ್ ಡೇವಿಡ್ ರೂಢಿಗೆ ತಂದ ಕ್ರಮದಲ್ಲಿ ಸತ್ತ ಅಂಚಿಗೆ ಹೊಲಿಗೆಯನ್ನೇ ಹಾಕುವುದಿಲ್ಲ. ತೇಪೆಯನ್ನು ಅಗಲವಾಗಿ ಕತ್ತರಿಸಿ ಸುತ್ತಲಿನ ಜೀವಂತ ಸ್ನಾಯುವಿಗೆ ಕೂಡಿಸಿ, ಸತ್ತ ಜಾಗವನ್ನೇ ಒತ್ತಡದಿಂದ ಹೊರಗಿಡುತ್ತಾರೆ. ಹೃದಯದ ತುದಿಯ ತೂತಿಗಿಂತ ಬುಡದ ಕಡೆಯ ತೂತು ಕಷ್ಟದ್ದು, ಅದು ನೇರವಾಗಿರದೆ ಗೆದ್ದಲಿನ ದಾರಿಯಂತೆ ಅಂಕುಡೊಂಕಾಗಿರುತ್ತದೆ. ಕೆಲವರಿಗೆ ಎದೆ ತೆರೆಯದೆ ತೊಡೆಯ ನಾಳದ ಮೂಲಕ ಕೊಡೆಯಂಥ ಮುಚ್ಚಳ ಹಾಕುವುದೂ ಉಂಟು.

ಹಿನ್ನೀರಿನ ಮಗಳು (ತುಮರಿ ಕಡೆ)

2025ರ ಜುಲೈಯಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ದಿನ ನಾನು ಅಲ್ಲಿಗೆ ಹೋಗಲಿಲ್ಲ, ಹೋಗಲಾಗಲಿಲ್ಲ. ಈಗ ರಾತ್ರಿ ಹೊತ್ತಿನಲ್ಲೂ ದಾಟಬಹುದು. ಎದೆನೋವು ಬಂದವರನ್ನು ಸಾಗರಕ್ಕೆ ಒಯ್ದರೆ ಅಲ್ಲೇ ಹೆಪ್ಪು ಕರಗಿಸುವ ಆ ಇಂಜೆಕ್ಷನ್ ಕೊಡುತ್ತಾರೋ, ಶಿವಮೊಗ್ಗಕ್ಕೇ ಹೋಗಬೇಕೋ?

ಸಿಸಿಯು ಸಿಸ್ಟರ್

ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಮೊದಲು ಹೋಗಿ, ದೊಡ್ಡ ಊರಿನ ಆಸೆಗೆ ಅದನ್ನು ದಾಟಿಕೊಂಡು ಹೋಗಬೇಡಿ. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸಿ, ಅವರು ಹೇಳಿದರೆ ಟೆನೆಕ್ಟಿಪ್ಲೇಸ್ ಎಂಬ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ನನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಬಂದಿದೆ. ಆ ಇಂಜೆಕ್ಷನ್ ನೋವು ಶುರುವಾದ 12 ಗಂಟೆಯೊಳಗೆ ಸಿಗಬೇಕು, ಮೊದಲ ಎರಡು ಮೂರು ಗಂಟೆಯಲ್ಲಿ ಸಿಕ್ಕರೆ ಅದರ ಗುಣವೇ ಬೇರೆ. ತುಂಬ ತಡವಾಗಿ ಕೊಟ್ಟರೆ ಸತ್ತ ಗೋಡೆಯಲ್ಲಿ ರಕ್ತ ಸೋರಿ ಬಿರಿಯುವ ಅಪಾಯವೇ ಹೆಚ್ಚಾಗಬಹುದು. ಹೊರಡುವಾಗಲೇ 108ಕ್ಕೆ ಫೋನು ಮಾಡಿ, ನೋವು ಶುರುವಾದ ಗಂಟೆಯನ್ನು ನೆನಪಿಟ್ಟುಕೊಂಡು ಹೇಳಿ. ಎಷ್ಟೋ ಮನೆಯವರು "ಬೆಳಿಗ್ಗೆಯಿಂದ" ಎನ್ನುತ್ತಾರೆ. ಹಿಂದಿನ ರಾತ್ರಿಯೇ ಬೆವರಿದ್ದರೆಂದು ಆಮೇಲೆ ತಿಳಿಯುತ್ತದೆ.

ಕೊಡಚಾದ್ರಿ ತಪ್ಪಲು

ಅಪ್ಪಯ್ಯನ ಈಗಿನ ಸ್ಥಿತಿಯನ್ನು ಕೆಲವರು ಕೇಳಿದ್ದೀರಿ. ತೇಪೆಯ ಅಂಚಿನಲ್ಲಿ ಮೂರು ಮಿಲಿಮೀಟರಿನ ಸಣ್ಣ ಸೋರಿಕೆ ಉಳಿದಿದೆ, ಅದನ್ನು ಮುಟ್ಟುವ ಅಗತ್ಯವಿಲ್ಲ ಎಂದಿದ್ದಾರೆ. ಪಂಪಿಂಗ್ ಶೇ. 40. ದಿನವೂ ಬೆಳಿಗ್ಗೆ ತೂಕ ನೋಡಿ ಬರೆಯುತ್ತಾರೆ. ಎರಡು ದಿನದಲ್ಲಿ ಎರಡು ಕೆಜಿ ಏರಿದರೆ ನೀರು ನಿಂತಿದೆಯೆಂದು ಫೋನು ಮಾಡಬೇಕು. ಉಪ್ಪಿನಕಾಯಿ ನಿಂತಿದೆ, ಅದೊಂದು ದೊಡ್ಡ ದುಃಖ ಅವರಿಗೆ. ಈ ಮಳೆಗಾಲದಲ್ಲಿ ಬೋರ್ಡೋ ಸಿಂಪಡಣೆಯ ದಿನ ಛತ್ರಿ ಹಿಡಿದು ತೋಟದ ಅಂಚಿನವರೆಗೆ ಬಂದು ನಿಂತಿದ್ದರು. ಕೊಪ್ಪದವರೇ, ನಿಮ್ಮ ಮಾವನವರು ಹೇಗಿದ್ದಾರೆ?

ಕಾಫಿಗಿಡ (ಕೊಪ್ಪ)

ಇಂದು ಆರನೆಯ ದಿನ. ಮಾತ್ರೆಯ ಚೀಟಿ ತೋರಿಸಿದ ಕೂಡಲೇ ಅದನ್ನು ಕಿತ್ತಿಟ್ಟುಕೊಂಡು ಪ್ಯಾರಸಿಟಮಾಲ್ ಬರೆದುಕೊಟ್ಟರು. ನಿನ್ನೆ ರಾತ್ರಿ ಮಾವ ಎರಡನೆಯ ದಿಂಬು ಕೇಳಿದರು. ಇಲ್ಲಿ ಓದಿರದಿದ್ದರೆ ನಾನು ದಿಂಬು ಕೊಟ್ಟು ಸುಮ್ಮನಿರುತ್ತಿದ್ದೆ. ಸಿಸ್ಟರ್ ಹತ್ತಿರ ಹೋಗಿ, ಇದು ಹೊಸದು ಎಂದೆ. ಡ್ಯೂಟಿ ವೈದ್ಯರು ಬಂದು ಬಹಳ ಹೊತ್ತು ಎದೆಯ ಶಬ್ದ ಕೇಳಿದರು, ರಾತ್ರಿಯೇ ಎಕೋ ಮಾಡಿಸಿದರು. ಗೋಡೆ ಸರಿಯಾಗಿದೆ, ಕವಾಟದಲ್ಲಿ ಸ್ವಲ್ಪ ಸೋರಿಕೆ ಇದೆ, ಹೃದಯದ ಸುತ್ತ ತೆಳುವಾಗಿ ನೀರಿದೆ. ಮೂತ್ರ ಹೋಗುವ ಇಂಜೆಕ್ಷನ್ ಕೊಟ್ಟ ಮೇಲೆ ಉಸಿರು ಹಗುರವಾಗಿ ಬೆಳಗಿನ ಜಾವ ನಿದ್ದೆ ಹೋದರು. ಇಂದು ಬಿಡುಗಡೆ ಮಾಡುವುದಾಗಿ ಹೇಳಿದ್ದವರು ಅದನ್ನು ಮುಂದೆ ಹಾಕಿದ್ದಾರೆ. ಸೋಮವಾರ ಬೆಳಿಗ್ಗೆ ಮತ್ತೊಮ್ಮೆ ಎಕೋ ಇದೆ, ಆದ ಮೇಲೆ ಇಲ್ಲಿಯೇ ಬರೆಯುತ್ತೇನೆ.